ಕಲಾಯಿ ಬಾಬಾ ಜಾನನ ಮಗಳ ಹಲ್ಲು

ಸ್ಟೀಲ್ ಪಾತ್ರೆಗಳು ಆಗಷ್ಟೇ ಮನೆಮನೆಗೆ ಕಾಲಿಡುತ್ತಿದ್ದ ಕಾಲ. ಆದರೂ ಗುಬ್ಬಿಯಲ್ಲಿ ಹಿತ್ತಾಳೆ ಪಾತ್ರೆ ಬಿಡದವರು ಬೇಕಾದಷ್ಟು ಜನ ಇದ್ದರು, ಆ ಪಾತ್ರೆಗಳ ಒಳಮೈಗೆ ತವರದ ಕಲಾಯಿ ಹಾಕಲು ಬಾಬಾ ಜಾನನೇ ಆಗಬೇಕಿತ್ತು. ದಿನವೆಲ್ಲ ಕೆಂಡದ ಮುಂದೆ ಕೂರುವ ಈ ಮನುಷ್ಯ ಹೆದರುತ್ತಿದ್ದುದು ಒಂದಕ್ಕೇ, ಮಗಳ ಅಳುವಿಗೆ. ಅದನ್ನು ಕೇಳಲಾರದೆ ಸುಳ್ಳು ಹೇಳುತ್ತಿದ್ದ. ಕಹಿ ಔಷಧಿಯನ್ನು ಶರಬತ್ತು ಅನ್ನುತ್ತಿದ್ದ, ಸೂಜಿ ಚುಚ್ಚಿಸಲು ಹೊರಟರೆ ಮಿಠಾಯಿ ಕೊಡಿಸ್ತೀನಿ ಅನ್ನುತ್ತಿದ್ದ. ಮಕ್ಕಳಿಗೆ ಹೇಳುವ ಸುಳ್ಳು ಲೆಕ್ಕಕ್ಕಿಲ್ಲ ಎಂದು ಅವನ ಬೀದಿಯವರೆಲ್ಲ ನಂಬಿದ್ದರು, ಅವನೂ ನಂಬಿದ್ದ.

ಎಂಟು ವರ್ಷದ ತಾಜುನ್ನೀಸಾಗೆ ದವಡೆ ಹಲ್ಲು ನೋಯತೊಡಗಿದಾಗಲೂ ಅದೇ ಕಥೆ. "ಬಾ ಬೇಟಿ, ತುಮಕೂರಲ್ಲಿ ಬಳೆ ತೊಡಿಸ್ತೀನಿ" ಎಂದು ಬಸ್ಸು ಹತ್ತಿಸಿದ. ಇಳಿಸಿ ಕರೆದೊಯ್ದದ್ದು ಹಲ್ಲಿನ ಡಾಕ್ಟರು ಬೆಟ್ಟಸ್ವಾಮಿಯವರ ದವಾಖಾನೆಗೆ. "ನೋವೇ ಆಗಲ್ಲ, ಸುಮ್ನೆ ನೋಡ್ತಾರೆ" ಎಂದು ಪುಸಲಾಯಿಸಿ ಆ ದೊಡ್ಡ ಕುರ್ಚಿಯಲ್ಲಿ ಕೂರಿಸಿದ. ಡಾಕ್ಟರು ಸಣ್ಣ ಕೊಕ್ಕೆಯಿಂದ ಹುಳುಕನ್ನು ಮುಟ್ಟಿದ್ದೇ ತಡ, ಹುಡುಗಿ ಅವರ ಬೆರಳು ಕಚ್ಚಿ, ಕುರ್ಚಿಯಿಂದ ಧುಮುಕಿ, ಬೀದಿಗೆ ಓಡಿಬಿಟ್ಟಳು. ಬಾಬಾ ಜಾನ್ ಅವಳನ್ನು ಹಿಡಿದು ತಂದಾಗ ಡಾಕ್ಟರು ಬೆರಳಿಗೆ ಅರಿವೆ ಸುತ್ತಿಕೊಳ್ಳುತ್ತಿದ್ದರು.

"ಏನಂತ ಹೇಳಿ ಕರ್ಕೊಂಡ್ ಬಂದ್ರಿ ಸಾಬ್ರೆ?"

"ಬಳೆ ತೊಡಿಸ್ತೀನಿ ಅಂತ, ಸಾರ್."

ಡಾಕ್ಟರು ನಗಲಿಲ್ಲ. "ಇದು ಹಾಲುಹಲ್ಲಲ್ಲ, ಹೋದ್ರೆ ಮತ್ತೆ ಬರಲ್ಲ. ಈಗಾದ್ರೆ ಹುಳುಕು ಕೆರೆದು ಬೆಳ್ಳಿ ತುಂಬಬೋದು. ಇನ್ನೊಂದ್ ತಿಂಗಳು ಬಿಟ್ರೆ ಕೀಳ್ಬೇಕಾಗುತ್ತೆ. ಆದ್ರೆ ಕೈಕಾಲು ಹಿಡ್ಕೊಂಡು ಮಾಡೋ ಕೆಲಸ ನನ್ ಕೈಲಾಗಲ್ಲ. ಅವಳೇ ಬಂದು ಕೂತ್ಕೋಬೇಕು" ಎಂದರು.

ಅವಳೇ ಬಂದು ಕೂರುವ ಮಾತೆಲ್ಲಿ ಬಂತು! ಅಂದಿನಿಂದ ತಾಜು ಅಪ್ಪನ ಒಂದು ಮಾತನ್ನೂ ನಂಬಲಿಲ್ಲ. ಅನ್ನ ಕಲಸಿಕೊಟ್ಟರೆ ಒಳಗೆ ಮಾತ್ರೆ ಇದೆಯೇನೋ ಎಂದು ಕೆದಕಿ ನೋಡುವಳು. ಶುಕ್ರವಾರ ಅವನು ನಮಾಜಿಗೆಂದು ಒಗೆದ ಬಟ್ಟೆ ಹಾಕಿದರೂ ತುಮಕೂರಿಗೇ ಹೊರಟನೆಂದು ಮಂಚದಡಿ ಸೇರಿಕೊಳ್ಳುವಳು. "ದೊಡ್ಡ ಬಳೆ ತೊಡಿಸ್ದೋರು ನೀವು!" ಎಂದು ಹೆಂಡತಿ ರಹಿಮಾ ಬೀ ಹಂಗಿಸಿದಳು. ಮಗಳು ಆಗಾಗ ಕೆನ್ನೆ ಹಿಡಿದು ಕೂರುತ್ತಿದ್ದಳು. ಹಲ್ಲು ಹೋಗುವುದು ಒಂದು ಸಂಕಟವಾದರೆ, ತನ್ನ ಮಾತಿಗೆ ಮನೆಯಲ್ಲಿ ಕವಡೆ ಕಿಮ್ಮತ್ತಿಲ್ಲವಲ್ಲ ಅನ್ನುವುದು ಅವನಿಗೆ ಅದಕ್ಕಿಂತ ದೊಡ್ಡ ಸಂಕಟವಾಯಿತು.

ಅಪ್ಪನನ್ನು ನಂಬದಿದ್ದರೂ ಅವನ ಕೆಂಡಕ್ಕೆ ಗಾಳಿಯೂದುವ ತಿದಿ ಒತ್ತುವ ಆಟವನ್ನು ಮಾತ್ರ ಹುಡುಗಿ ಬಿಟ್ಟಿರಲಿಲ್ಲ. ಹದಿನೈದು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಕದರಯ್ಯನವರ ಮನೆಯ ದೊಡ್ಡ ಅಡುಗೆ ಪಾತ್ರೆ, ಕೊಳದಪ್ಪಲೆಗೆ ಕಲಾಯಿ ನಡೆದಿತ್ತು. ಕಾದ ಪಾತ್ರೆಗೆ ಉಜ್ಜುವ ನವಸಾಗರದ ಹೊಗೆ ಕುಡಿಯಬಾರದೆಂದು ಬಾಬಾ ಜಾನ್ ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದ. ತಾಜು ಒತ್ತಿದ ಹಾಗೆಲ್ಲ ಕೆಂಡ ಧಗಧಗ ಉರಿಯಿತು. ತವರ ಕರಗುತ್ತಲೇ ಅವನು ಎಡಗೈ ಎತ್ತಿದ. ಹುಡುಗಿ ತಟಕ್ಕನೆ ನಿಲ್ಲಿಸಿದಳು. ಅದು ಅವರಿಬ್ಬರ ರೂಢಿ. ಬಾಯಿ ಕಟ್ಟಿದಾಗ ಕೈಯೇ ಮಾತು, ಎತ್ತಿದ ಮೇಲೆ ಒಂದು ಸಲವೂ ಹೆಚ್ಚಿಗೆ ಒತ್ತುವಂತಿಲ್ಲ, ಒತ್ತಿದರೆ ತವರ ಸುಟ್ಟು ಕಪ್ಪಾಗುತ್ತದೆ.

ಬಟ್ಟೆ ಬಿಚ್ಚಿ ಅವನು ಹೊಸದೊಂದು ಪ್ರಶ್ನೆ ಕೇಳಿದ. ಇಷ್ಟು ದಿನ ಅದು ಅವನಿಗೆ ಹೊಳೆದೇ ಇರಲಿಲ್ಲ. "ಬೇಟಿ, ಅಲ್ಲಿ ನಿಂಗೆ ಯಾವುದಕ್ಕೆ ಭಯ?"

ತಾಜು ಬೂದಿ ಕೆದಕಿದಳು. "ಬಾಯೊಳಗೆ ಏನೇನೋ ತುರುಕ್ತಾರೆ. ಸಾಕು ಅಂತ ಹೆಂಗ್ ಹೇಳ್ಲಿ ಅಬ್ಬಾ?"

"ಕೈ ಎತ್ತು, ಈಗ ನಾನ್ ಎತ್ತಿದ್ನಲ್ಲ ಹಂಗೆ."

"ಎತ್ತಿದ್ರೆ ಅವ್ರು ನಿಲ್ಲಿಸ್ತಾರಾ?"

ಹೂಂ ಅಂದುಬಿಡುವುದು ಅವನಿಗೆ ನೀರು ಕುಡಿದಷ್ಟು ಸುಲಭವಾಗಿತ್ತು. ಆದರೆ ಮಗಳು ತನ್ನ ಮುಖವನ್ನೇ ನೋಡುತ್ತಿದ್ದಾಳೆ. "ಗೊತ್ತಿಲ್ಲ ಕಣಮ್ಮ. ಕೇಳ್ಕೊಂಡ್ ಬರ್ತೀನಿ" ಎಂದ.

ಮರುದಿನ ಅದಕ್ಕೆಂದೇ ತುಮಕೂರಿಗೆ ಹೋದ. ಬೆಟ್ಟಸ್ವಾಮಿಯವರು ಪೂರ್ತಿ ಕೇಳಿಸಿಕೊಂಡು, "ಅವಳು ಕೈ ಎತ್ತಿದ್ರೆ ನನ್ ಕಾಲು ನಿಲ್ಲುತ್ತೆ. ಹಂಗೇ ಹೇಳಿ" ಎಂದರು. ಹುಳುಕು ಕೆರೆಯುವ ಅವರ ಯಂತ್ರ ಕಾಲಲ್ಲಿ ತುಳಿಯುವಂಥದ್ದು, ಹೊಲಿಗೆ ಮಿಶನ್ನಿನ ಹಾಗೆ. ಬಾಬಾ ಜಾನ್ ಕೇಳಿದ್ದನ್ನು ಕೇಳಿದಂತೆಯೇ ಮಗಳಿಗೆ ಒಪ್ಪಿಸಿದ. ಅವಳು ಎರಡು ದಿನ ಯೋಚಿಸಿ, "ನೋಡಣ" ಎಂದಳು.

ಈ ಸಲ ತುಮಕೂರಲ್ಲಿ ತಾನೇ ಕುರ್ಚಿ ಹತ್ತಿದಳು. ಯಂತ್ರ ಸುಯ್ಯೆಂದಿತು, ಹಲ್ಲಿಗೆ ತಾಗಿತು, ಕೈ ಮೇಲೆದ್ದಿತು. ಡಾಕ್ಟರ ಕಾಲು ನಿಂತಿತು. ಮತ್ತೆ ಶುರು, ಮತ್ತೆ ಕೈ, ಮತ್ತೆ ನಿಂತಿತು. ಮೂರನೆಯ ಸಲ ಯಂತ್ರ ಬಾಯಿ ಮುಟ್ಟುವ ಮೊದಲೇ ಎತ್ತಿದಳು. ಪರೀಕ್ಷೆ ಮಾಡುತ್ತಿದ್ದಾಳೆಂದು ಬಾಬಾ ಜಾನನಿಗೆ ಗೊತ್ತಾಯಿತು. ಹೊರಗೆ ಬೆಂಚಿನ ತುಂಬ ಜನ, ಕಚ್ಚಿಸಿಕೊಂಡ ಬೆರಳು ಬೇರೆ. ಡಾಕ್ಟರು ರೇಗಿದರೆ ಮುಗಿಯಿತು, ಇನ್ನೆಂದೂ ಅವಳು ಯಾರನ್ನೂ ನಂಬುವುದಿಲ್ಲ. ಬೆಟ್ಟಸ್ವಾಮಿಯವರು ಕಾಲು ತೆಗೆದು, ಕೈ ಕಟ್ಟಿ ಕೂತರು. "ನೀನ್ ಹೇಳ್ದಾಗ ಶುರು ಮಾಡಣ ಪುಟ್ಟಿ" ಎಂದರು. ತಾಜು ಅವರನ್ನೂ ಅವರ ಕಾಲನ್ನೂ ನೋಡಿದಳು. ಆಮೇಲೆ ತಾನಾಗಿಯೇ ಬಾಯಿ ತೆರೆದಳು. ಕಣ್ಣಿಂದ ನೀರು ಇಳಿಯುತ್ತಿತ್ತು, ಕೈ ಮಾತ್ರ ಮಡಿಲಲ್ಲೇ ಇತ್ತು.

ಬೆಳ್ಳಿ ತುಂಬಿ ಮುಗಿದಾಗ ಬಾಬಾ ಜಾನ್ ಕೈ ಮುಗಿದ. "ನಿಮ್ಮನೆ ಪಾತ್ರೆಗಳ್ನೆಲ್ಲ ಕಳ್ಸಿ ಸಾರ್, ಬೆಳ್ಳಿ ಥರ ಮಾಡ್ಕೊಡ್ತೀನಿ" ಎಂದ.

"ನಮ್ಮನೇಲಿ ಎಲ್ಲಾ ಸ್ಟೀಲು ಸಾಬ್ರೆ" ಎಂದು ಡಾಕ್ಟರು ನಕ್ಕರು.

ಸ್ಟೀಲಿಗೆ ಅವನು ಏನು ತಾನೆ ಮಾಡಿಯಾನು? ಆ ಋಣ ತೀರಿಸುವ ದಾರಿ ಕಾಣದೆ ಪ್ರತಿ ಶುಕ್ರವಾರ ದೇವರಲ್ಲಿ ಬೇಡುವ ದುವಾದಲ್ಲಿ ಮನೆಯವರ ಹೆಸರಾದ ಮೇಲೆ ಬೆಟ್ಟಸ್ವಾಮಿಯವರ ಹೆಸರನ್ನೂ ಸೇರಿಸತೊಡಗಿದ.

ಮಳೆಗಾಲ ಮುಗಿಯುವ ಹೊತ್ತಿಗೆ ಇನ್ನೊಂದು ಬದಿಯ ಹಲ್ಲು ಕಪ್ಪಾಯಿತು. ಹುಳುಕು ಆಳಕ್ಕಿಳಿದಿದೆ, ಈ ಸಲ ದವಡೆ ಮರಗಟ್ಟಿಸಲು ಸೂಜಿ ಕೊಡಬೇಕಾಗುತ್ತದೆ ಎಂದು ತೋರಿಸಿದ ದಿನವೇ ಡಾಕ್ಟರು ಹೇಳಿದ್ದರು. ಹೊರಡುವ ಬೆಳಿಗ್ಗೆ ತಾಜು ಹೊಸಿಲ ಮೇಲೆ ಕೂತು ಏಳಲೇ ಇಲ್ಲ.

"ಸೂಜಿ ನೋವಾಗುತ್ತಾ ಅಬ್ಬಾ?"

ಇಲ್ಲ ಅನ್ನುವ ಮಾತು ನಾಲಿಗೆಯ ತುದಿಗೇ ಬಂದಿತ್ತು. ಬಾಬಾ ಜಾನ್ ಅದನ್ನು ನುಂಗಿಕೊಂಡು ಅವಳ ಪಕ್ಕದಲ್ಲಿ ಕೂತ. "ಆಗುತ್ತೆ ಬೇಟಿ. ಚುಚ್ಚೋವಾಗ ನೋವಾಗುತ್ತೆ."

ತಾಜು ಅವನ ಮುಖವನ್ನೇ ನೋಡಿದಳು. ಆಮೇಲೆ ಎದ್ದು ಚಪ್ಪಲಿ ಮೆಟ್ಟಿಕೊಂಡು, ಅವನ ಕೈ ಹಿಡಿದೆಳೆದಳು. "ಹಂಗಾದ್ರೆ ನಡಿ ಅಬ್ಬಾ, ಬಸ್ ಹೊರಟೋಗುತ್ತೆ" ಎಂದಳು.