ನಾಲ್ಕನೇ ಲೈನಿನ ತಾಳಿ

"ಏನಮ್ಮಾ, ನೀನೇನು ಒಡೆದೋಗಿರೋ ಕಾವೇರಿ ಪೈಪಾ? ಬೆಳಗ್ಗೆ ತಾನೆ ಹೋಗ್ ಬಂದೆ, ಮತ್ತೆ ಎದ್ದೆ?"

ಸೂಪರ್‌ವೈಸರ್ ನಂಜುಂಡಪ್ಪ ಬೈದದ್ದು ಸೌಂದರ್ಯಾಳನ್ನು. ಕೇಳಿಸಿದ್ದು ಇಡೀ ನಾಲ್ಕನೇ ಲೈನಿಗೆ. ಏಳು ತಿಂಗಳ ಹೊಟ್ಟೆಯನ್ನು ಹೊಲಿಗೆ ಮಿಷನ್ನಿಗೆ ತಾಗಿಸದಂತೆ ಎದ್ದಿದ್ದ ಹುಡುಗಿ ಹಾಗೇ ನಿಂತಳು.

"ತಾಳಿ ಕೊಡಿ ಸಾರ್. ಓಡೋಗಿ ಓಡ್ಬರ್ತೀನಿ."

"ತಾಳಿ, ತಾಳಿ. ಆ ಬಂಡಲ್ ಮುಗ್ಸು ಮೊದ್ಲು."

ಕಾಮಾಕ್ಷಿಪಾಳ್ಯದ ಆ ಗಾರ್ಮೆಂಟ್ಸಿನಲ್ಲಿ ಒಂದು ಲೈನಿಗೆ ಒಂದೇ ಟಾಯ್ಲೆಟ್ ಪಾಸು. ಹಳದಿ ದಾರಕ್ಕೆ ಪೋಣಿಸಿದ ಪ್ಲಾಸ್ಟಿಕ್ ಬಿಲ್ಲೆ. ಅದು ಕೊರಳಲ್ಲಿದ್ದವಳಿಗೆ ಮಾತ್ರ ಬಾಗಿಲು ದಾಟುವ ಯೋಗ. ಅದಕ್ಕೆ ತಾಳಿ ಅಂತ ನಾಮಕರಣ ಮಾಡಿದವಳು ಪಕ್ಕದ ಮಿಷನ್ನಿನಲ್ಲಿ ಕಾಲರ್ ಹೊಲಿಯುವ ಮುನಿತಾಯಮ್ಮ. "ಗಂಡ ಕಟ್ಟಿದ್ದು ಗಿರವಿ ಅಂಗ್ಡೀಗ್ ಹೋಯ್ತು. ಇದಾದ್ರೂ ನನ್ನ ಕಕ್ಕಸ್ಸಿಗೆ ಕರ್ಕಂಡ್ ಹೋಯ್ತದೆ" ಅಂದಿದ್ದಳು. ಹೆಂಗಸರನ್ನೆಲ್ಲ ಏಕವಚನದಲ್ಲೇ ಗದರುವ ನಂಜುಂಡಪ್ಪನಿಗೆ ಕಾಯಲು ಹೇಳುವ ಒಂದು ಮಾತಿನಲ್ಲಿ ಮಾತ್ರ ಎಲ್ಲಿಲ್ಲದ ಮರ್ಯಾದೆ: ತಾಳಿ! ಹೀಗಾಗಿ ಲೈನಿನವರು ಕೇಳುವುದೂ ತಾಳಿ, ಅವರಿಗೆ ಸಿಗುವುದೂ ತಾಳಿ.

ನಗುವ ಮಾತೇನೋ ಸರಿ. ಆದರೆ ಸೌಂದರ್ಯಾಳ ಹಿಂದಿನ ಬಸಿರು ಆರನೇ ತಿಂಗಳಿಗೇ ಇಳಿದುಹೋಗಿತ್ತು. "ಚೆನ್ನಾಗಿ ನೀರು ಕುಡಿ, ಉಚ್ಚೆ ಕಟ್ಟಬೇಡ, ಮತ್ತೆ ಇನ್‌ಫೆಕ್ಷನ್ ಆದರೆ ಈ ಮಗುವೂ ಕಷ್ಟ" ಎಂದು ಡಾಕ್ಟರು ಹೆದರಿಸಿ ಕಳಿಸಿದ್ದರು. ಕುಡಿದರೆ ತಾಳಿ ಬೇಕು, ತಾಳಿ ಸಿಗುವುದಿಲ್ಲ. ಆದ್ದರಿಂದ ಹುಡುಗಿ ನೀರಿನ ಬಾಟಲಿಯನ್ನೇ ಮನೆಯಲ್ಲಿ ಬಿಟ್ಟು ಬರುತ್ತಿದ್ದಳು.

ಆ ವಾರ ಫ್ಯಾಕ್ಟರಿಯ ತುಂಬ ಹಕ್ಕಿನದೇ ಮಾತು. ಹೆಂಗಸರ ಉದ್ಧಾರಕ್ಕೆಂದು ದುಡ್ಡು ಕೊಡುವ ಫಾರಿನ್ ಸಂಸ್ಥೆಯವರು ನೋಡಲು ಬರುವವರಿದ್ದರು. ಅವರ ದುಡ್ಡಿನಲ್ಲೇ ಗೇಟಿನ ಪಕ್ಕ ಗುಲಾಬಿ ಟೈಲ್ಸಿನ ಹೊಸ ಟಾಯ್ಲೆಟ್ ಎದ್ದಿತ್ತು. 'ಸಬಲಾ' ಅಂತ ಬೋರ್ಡು, ಬಾಗಿಲಿಗೆ ಅಡ್ಡವಾಗಿ ರಿಬ್ಬನ್ನು, ಅದರ ಮೇಲೊಂದು ಬೀಗ. ಸಂಸ್ಥೆಯ ಇಲ್ಲಿನ ಕೆಲಸ ನೋಡಿಕೊಳ್ಳುವ ಕೀರ್ತನಾ ಮೇಡಂ ಮೈಕು ಹಿಡಿದು ಘೋಷಣೆ ಕಲಿಸಲು ಬಂದಳು. ಗಂಡಸರೂ ಕೈಜೋಡಿಸಬೇಕಂತೆ. ನಂಜುಂಡಪ್ಪನೇ ಮುಂದೆ ನಿಂತು ಮುಷ್ಟಿ ಎತ್ತಿದ.

"ನನ್ನ ದೇಹ!"

"ನನ್ನ ಹಕ್ಕು!"

"ಸಾರ್, ತಾಳಿ..." ಎಂದಳು ಸೌಂದರ್ಯಾ.

"ತಾಳಿ, ಪ್ರಾಕ್ಟೀಸ್ ನಡೀತೈತೆ ಕಾಣಲ್ವಾ? ನನ್ನ ದೇಹ!"

ಇನ್ನೊಂದೆರಡು ಸಲ 'ನನ್ನ ದೇಹ' ಆಗುವಷ್ಟರಲ್ಲಿ ಸೌಂದರ್ಯಾಳ ಲಂಗ ಒದ್ದೆಯಾಗಿ, ಕಾಲಡಿಯ ನೆಲವೂ ಒದ್ದೆಯಾಯಿತು. ಘೋಷಣೆ ನಿಂತಿತು. ನಂಜುಂಡಪ್ಪ ಕಟಿಂಗ್ ಚಿಂದಿಯ ರಾಶಿಯನ್ನು ಅವಳತ್ತ ಒದ್ದ.

"ಒರ್ಸೇ ಮುಂಡೆ. ನಾಳೆ ಫಾರಿನ್ನೋರು ಕಾಲಿಡೋ ಜಾಗ ಇದು."

ಕೀರ್ತನಾ ಮೊಬೈಲಿನಲ್ಲಿ ಏನೋ ಹುಡುಕತೊಡಗಿದಳು. ಮುನಿತಾಯಮ್ಮ ಸೌಂದರ್ಯಾಳನ್ನು ಬಗ್ಗಗೊಡದೆ ತಾನೇ ಮಂಡಿಯೂರಿ ನೆಲ ಒರೆಸಿದಳು. "ಇವ್ನಿಗೆ ಉಚ್ಚೆ ಕಟ್ಕಂಡು ಒದ್ದಾಡೋ ರೋಗ ಬರ!" ಎಂದು ಹಲ್ಲು ಕಡಿದಳು. ಹುಡುಗಿಯ ಮುಖ ನೋಡಲು ಅವಳಿಗೆ ಧೈರ್ಯ ಬರಲಿಲ್ಲ.

ಮಾರನೆಯ ದಿನ ಫಾರಿನ್ ಸಂಸ್ಥೆಯ ಬಿಳಿ ಮೇಡಂ ಬಂದರು. ಪಾಪ, ನಗುಮುಖದ ಹೆಂಗಸು. ಓನರ್ ಸಂಪತ್ ಮೈಸೂರು ಪೇಟ ತೊಡಿಸಿ ವೇದಿಕೆಯ ಮೇಲೆ ಕೂರಿಸಿದ. ಹೆಂಗಸರು ಮಿಷನ್ನಿನ ಮುಂದೆಯೇ ಕೂರಬೇಕು, ಫೋಟೋ ಚೆನ್ನಾಗಿ ಬರುತ್ತದೆ ಎಂದು ಅಪ್ಪಣೆಯಾಗಿತ್ತು. ಘೋಷಣೆ ಮುಗಿದ ಮೇಲೆ ಮೇಡಂ ಏನೋ ಕೇಳಿದರು.

"ಈ ಟ್ರೇನಿಂಗಿಂದ ನಿಮ್ಮ ಲೈಫಲ್ಲಿ ಏನು ಚೇಂಜ್ ಆಯ್ತು ಅಂತ ಕೇಳ್ತಿದಾರೆ. ಯಾರಾದ್ರೂ ಮಾತಾಡಿ" ಎಂದಳು ಕೀರ್ತನಾ.

ಗಂಟಲು ದೊಡ್ಡದು ಅಂತ ಮುನಿತಾಯಮ್ಮನಿಗೆ ಮೊದಲೇ ಮಾತು ಕಲಿಸಿದ್ದರು. ಅವಳು ಎದ್ದು ನಿಂತಳು. ಕಲಿಸಿದ್ದೆಲ್ಲ ಮರೆತುಹೋಗಿತ್ತು, ಮರೆಯದೇ ಇದ್ದದ್ದು ಒದ್ದೆ ನೆಲ ಒಂದೇ.

"ನಮ್ಗೆ ಇನ್ಮೇಲೆ ತಾಳಿ ಬೇಡ!"

ಕೀರ್ತನಾ ತಬ್ಬಿಬ್ಬಾದಳು. ಆದರೂ ಮದುವೆಯಲ್ಲಿ ಗಂಡು ಕಟ್ಟುವ ದಾರ ಇವರಿಗೆ ಬೇಡವಂತೆ ಎಂದು ಇಂಗ್ಲಿಷಿನಲ್ಲಿ ಹೇಳಿಯೇಬಿಟ್ಟಳು. ಬಿಳಿ ಮೇಡಂ ಅವರ ಕಣ್ಣಲ್ಲಿ ನೀರು ಬಂತು. ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇಷ್ಟು ಬೇಗ ಇಷ್ಟೊಂದು ಕ್ರಾಂತಿಯನ್ನು ಅವರೂ ಎಣಿಸಿರಲಿಲ್ಲ. ಸಂಪತ್ ಕೂಡ ಗಡಿಬಿಡಿಯಲ್ಲಿ ಚಪ್ಪಾಳೆ ಹೊಡೆದ.

"ಅಯ್ಯೋ ಆ ತಾಳಿ ಅಲ್ಲ ಕಣವ್ವಾ!" ಎಂದು ಹಣೆ ಚಚ್ಚಿಕೊಂಡ ಮುನಿತಾಯಮ್ಮ ಸೀದಾ ನಂಜುಂಡಪ್ಪನ ಮುಂದೆ ಹೋದಳು. ಅವನ ಅಂಗಿ ಜೇಬಿನಿಂದ ಇಣುಕುತ್ತಿದ್ದ ಹಳದಿ ದಾರವನ್ನು ಎಳೆದು ಮೇಲೆತ್ತಿ ತೋರಿಸಿದಳು. "ಈ ತಾಳಿ! ಉಚ್ಚೆ ಉಯ್ಯಕ್ಕೆ ಇದು ಬೇಕು ನಮ್ಗೆ. ಕೇಳುದ್ರೆ ಕೊಡಲ್ಲ ಈವಯ್ಯ. ಏಳ್ ತಿಂಗಳ ಬಸ್ರಿ ನೆನ್ನೆ ನಿಂತಲ್ಲೇ ಮಾಡ್ಕಂಡ್ಳು. ಸರ್ಯಾಗ್ ಹೇಳಮ್ಮ ಅವರಿಗೆ!"

ಕೀರ್ತನಾ ಹೇಳಲಿ ಎಂದು ಕಾಯಲೂ ಇಲ್ಲ. ಆ ದಾರವನ್ನು ನಂಜುಂಡಪ್ಪನ ಕೊರಳಿಗೇ ಹಾಕಿಬಿಟ್ಟಳು.

ಹಿಂದಿನಿಂದ ಯಾರೋ ಕೂಗಿದರು: "ಗಟ್ಟಿಮೇಳ! ಗಟ್ಟಿಮೇಳ!"

ನಾಲ್ಕನೇ ಲೈನಿನವರೆಲ್ಲ ಒಟ್ಟಿಗೇ ಪೆಡಲು ಒತ್ತಿದರು. ಬಟ್ಟೆಯೇ ಇಲ್ಲದ ಮಿಷನ್ನುಗಳು ಗರ್ರೆಂದು ಹೊಡೆದುಕೊಂಡವು. ಉಳಿದ ಲೈನುಗಳೂ ಸೇರಿದವು. ಇಡೀ ಲೈನಿಗೆ ಕೇಳಿಸುವ ಬಾಯಿ ನಂಜುಂಡಪ್ಪನದು; ಅಂಥವನ ಬಾಯಿ ಆಡುತ್ತಿತ್ತು, ಮಾತು ಮಾತ್ರ ಯಾರಿಗೂ ಕೇಳಿಸಲಿಲ್ಲ. ಮುನಿತಾಯಮ್ಮ ಸೌಂದರ್ಯಾಳ ಕೈಹಿಡಿದು ಗೇಟಿನತ್ತ ನಡೆದಳು. ಉದ್ಘಾಟನೆಗೆಂದು ಹೊಸ ಟಾಯ್ಲೆಟ್ಟಿನ ಬೀಗ ತೆಗೆದಿದ್ದರು. ರಿಬ್ಬನ್ನನ್ನು ದಾರ ಕತ್ತರಿಸುವ ಟ್ರಿಮ್ಮರಿನಿಂದ ಕಚಕ್ಕೆಂದು ಕತ್ತರಿಸಿ ಹುಡುಗಿಯನ್ನು ಒಳಗೆ ಬಿಟ್ಟಳು. ಹಿಂದೆ ತಿರುಗಿದರೆ ಲೈನಿಗೆ ಲೈನೇ ಎದ್ದು ಬಂದು ನಿಂತಿತ್ತು.

ಒಳಗಿನಿಂದ ಸೌಂದರ್ಯಾ ಕೂಗಿದಳು. "ಅಕ್ಕಾ! ಕೊಳಾಯಲ್ಲಿ ನೀರೇ ಬರಲ್ಲ ಅಕ್ಕಾ. ಬರೀ ಗಾಳಿ."

ಪೈಪು ಟೈಲ್ಸಿನ ಹಿಂದೆಯೇ ಮುಗಿದಿತ್ತು. ಫೋಟೋಗೆ ಅಷ್ಟು ಸಾಕಾಗಿತ್ತು. ಅಷ್ಟರಲ್ಲಿ ಓನರ್ ಸಂಪತ್ ಬೆವರು ಒರೆಸಿಕೊಳ್ಳುತ್ತ ಓಡಿ ಬಂದ.

"ನಾಳೆಯಿಂದ ನಿಮಗ್ಯಾರಿಗೂ ಕೆಲಸ ಇಲ್ಲ, ತಿಳ್ಕೊಳ್ಳಿ!"

"ನಾಳೇದು ನಾಳೆ ನೋಡಾಣ" ಎಂದ ಮುನಿತಾಯಮ್ಮ ಫ್ಯಾಕ್ಟರಿಯೊಳಗೆ ವೇದಿಕೆಯ ಪಕ್ಕ ಜೋಡಿಸಿಟ್ಟಿದ್ದ ನೀರಿನ ಕ್ಯಾನುಗಳತ್ತ ಕೈ ತೋರಿಸಿದಳು. "ಏ ಹುಡ್ಗೀರಾ, ಎತ್ಕಳ್ರೇ ಅವುನ್ನ!"

ಮೊದಲ ಕ್ಯಾನು ಮೇಲೆದ್ದಿತು. ಲೈನಿನಲ್ಲಿ ಬಂಡಲ್ ದಾಟಿಸಿ ಪಳಗಿದ ಕೈಗಳು. ಕ್ಯಾನು ಒಂದು ಕೈಯಿಂದ ಇನ್ನೊಂದಕ್ಕೆ, ತಲೆಗಳ ಮೇಲಿಂದ ಗುಲಾಬಿ ಬಾಗಿಲ ಕಡೆಗೆ ಸಾಗಿತು.

"ಅಯ್ಯೋ, ಅದು ಗೆಸ್ಟಿಗೆ ಕುಡಿಯೋಕೆ ತರಿಸಿರೋ ನೀರು ಕಣ್ರೀ!" ಸಂಪತ್ ಅರಚಿದ.

"ನಾವಂತೂ ನೀರು ಕುಡಿಯೋದನ್ನೇ ಬಿಟ್ಟಿದೀವಿ ಸಾರ್" ಎಂದಳು ಮುನಿತಾಯಮ್ಮ, ಕ್ಯಾನಿನ ಮುಚ್ಚಳವನ್ನು ಹಲ್ಲಿನಿಂದ ಕಿತ್ತು ಉಗಿಯುತ್ತ. "ತೊಳ್ಕಳಕ್ಕಾದ್ರೂ ಬಿಡಿ."