ಕೆಳತುದಿಯ ಭಟ್ಟಿ

ಮಳೆ ನಿಂತ ಮೇಲೆ ನಮ್ಮ ಬೀದಿಯ ಚಪ್ಪಲಿಗಳೆಲ್ಲ ಹನುಮಕ್ಕನ ಮಂಡಕ್ಕಿ ಭಟ್ಟಿಯ ಬಾಗಿಲಿಗೆ ಕೊಚ್ಚಿಬಂದು ಸೇರಿರುತ್ತಿದ್ದವು. ಮೇಲಿನ ಮನೆಗಳವರು ಒಬ್ಬೊಬ್ಬರಾಗಿ ಇಳಿದುಬಂದು ತಮ್ಮ ಜೋಡಿ ಹುಡುಕಿಕೊಂಡು, ಹಾಗೇ ಒಳಗೆ ಇಣುಕುತ್ತಿದ್ದರು. ಒಲೆಯ ಗುಂಡಿ ತುಂಬ ಕಪ್ಪು ನೀರು. ಹನುಮಕ್ಕ ಕೊಡದಲ್ಲಿ ಮೊಗೆದು ಹೊರಗೆ ಚೆಲ್ಲುತ್ತಿದ್ದಳು.

"ಅಯ್ಯೋ, ಈ ಸಲಾನೂ ನೀರು ನುಗ್ತಾ?"

"ಇಲ್ಲ, ನಾನೇ ಕರೆದೆ, ಸ್ನಾನ ಮಾಡೋಣ ಅಂತ."

ಆಗ ನಾನು ಆ ಬೀದಿಯಿಂದ ಪುರಸಭೆಗೆ ಆರಿಸಿಹೋದವನು. ಬೀದಿ ಇಳಿಜಾರಿನದು. ಬೇಸಿಗೆ ಮುಗಿಯುವ ಹೊತ್ತಿಗೆ ಮನೆಮನೆಯವರು ಜಗಲಿಗೆ ಒಂದು ವರಸೆ ಕಲ್ಲು ಏರಿಸುವುದು ಅಲ್ಲಿನ ರೂಢಿ. ಪಕ್ಕದವನು ಏರಿಸಿದ ಮೇಲೆ ಇವನು ಸುಮ್ಮನಿರುವುದುಂಟೇ? ಹೀಗೆ ಜಗಲಿಗಳು ಎತ್ತರವಾದವು, ಚರಂಡಿಯ ಮೇಲೂ ಚಾಚಿಕೊಂಡವು. ಎತ್ತರದ ಜಗಲಿ ಎಂದರೆ ಮನೆತನದ ಮರ್ಯಾದೆ ಎಂದಾಯಿತು. ನೀರಿಗೆ ಉಳಿದದ್ದು ಕೊನೆಯಲ್ಲಿದ್ದ ಹನುಮಕ್ಕನ ಮನೆಯೊಂದೇ. ಒಲೆಯ ಬಾಯಿ ನೆಲದೊಳಗಿರುವುದರಿಂದ ಹನುಮಕ್ಕ ಭಟ್ಟಿಯನ್ನು ಏರಿಸುವಂತಿರಲಿಲ್ಲ. ಒಲೆ ಆಗಲೇ ಬಿರುಕು ಬಿಟ್ಟಿತ್ತು. ಇನ್ನೊಂದು ಮಳೆಗಾಲಕ್ಕೆ ಕುಸಿದರೆ ಮತ್ತೆ ಕಟ್ಟಿಸುವ ತ್ರಾಣ ಆಕೆಗಿರಲಿಲ್ಲ.

ಊರಿನ ಮಳೆನೀರಿಗೆ ಒಂದು ಯೋಜನೆ ಹಾಕಲು ಪುರಸಭೆ ವಿಮಲಾಕ್ಷಿ ಎಂಬ ಎಂಜಿನಿಯರನ್ನು ಕರೆಸಿತು. ದೊಡ್ಡ ಚರಂಡಿ ಬರುತ್ತದೆಂದು ನಾವು ಕಾದಿದ್ದೆವು. ಚರಂಡಿ ದೊಡ್ಡದಾದಷ್ಟೂ ನೀರು ಬೇಗ ಕೆಳಗೆ ಬಂದು ಬೀಳುತ್ತದೆ ಎಂದರು ಆಕೆ. ಮಾಳಿಗೆಯ ನೀರು ಆಯಾ ಮನೆಯ ಹಿತ್ತಿಲಲ್ಲೇ ಇಂಗಬೇಕು, ಜಗಲಿಗಳು ಚರಂಡಿ ಬಿಟ್ಟು ಹಿಂದೆ ಸರಿಯಬೇಕು, ಮಿಕ್ಕ ನೀರು ನಿಂತು ಇಂಗಲು ಕೆಳತುದಿಯಲ್ಲಿ ಒಂದು ತಗ್ಗು ಬೇಕು. ಇದು ಅವರ ವಿಚಾರ.

ಸಭೆಯನ್ನು ನಾನು ಕಚೇರಿಯಲ್ಲಿ ಕರೆಯಲಿಲ್ಲ. ಅಲ್ಲಾದರೆ ಎಲ್ಲರೂ ಹೂಂ ಅಂದು ಎದ್ದುಹೋಗುತ್ತಾರೆ. ಬೀದಿಗೆಲ್ಲ ಎತ್ತರದ್ದಾದ ಅಕ್ಕಸಾಲಿ ಪುಟ್ಟಾಚಾರ್ಯರ ಜಗಲಿಯ ಮೇಲೆಯೇ ಕೂರಿಸಿದೆ.

"ನನ್ನ ಮಗಳನ್ನ ನೋಡೋಕೆ ಗಂಡಿನ ಕಡೆಯವರು ಬಂದು ಕೂತಿದ್ದು ಇಲ್ಲೇ, ಮೆಂಬರ್ರೇ. ಒಡಿ ಅಂದ್ರೆ ಒಡೆದುಬಿಡ್ಲಾ?" ಎಂದರು ಆಚಾರ್ಯರು. "ಆ ಭಟ್ಟಿ ಒಂದನ್ನ ಬೇರೆ ಕಡೆ ಹಾಕ್ಸಿ. ಎಲ್ಲಾ ಸರಿಹೋಗುತ್ತೆ."

"ನಾನು ಹೋದ್ರೆ ನಿಮ್ಮ ಚಪ್ಪಲಿ ಯಾರು ಕಾಯ್ತಾರೆ, ಆಚಾರ್ರೇ?" ಎಂದಳು ಹನುಮಕ್ಕ.

ಎಲ್ಲರೂ ನಕ್ಕರು. ಜಗಲಿ ಕದಲಲಿಲ್ಲ.

ಮಾರನೆಯ ದಿನ, ನೆಲ ಎಷ್ಟು ಬೇಗ ನೀರು ಕುಡಿಯುತ್ತದೆಂದು ನೋಡಲು ವಿಮಲಾಕ್ಷಿ ಅಲ್ಲಲ್ಲಿ ಗುಂಡಿ ತೋಡಿಸಿದರು. ಕಡೆಯದು ಭಟ್ಟಿಯ ಹಿಂದೆ, ಹನುಮಕ್ಕ ಉಪ್ಪುನೀರು ಹಾಕಿದ ಅಕ್ಕಿಯನ್ನು ಒಣಗಿಸುವ ಅಂಗಳದಲ್ಲಿ. ಆಳು ತೋಡಿದಷ್ಟೂ ಬೂದಿ. ಸೊಂಟದಾಳಕ್ಕೆ ಹೋದರೂ ಬೂದಿ. ಎದೆಮಟ್ಟ ಇಳಿದಾಗ ಹಾರೆ ಕಲ್ಲಿಗೆ ತಗುಲಿತು. ಬಾಚಿ ನೋಡಿದರೆ ಪಾಚಿಯ ಕರೆ ಹಿಡಿದ ಮೆಟ್ಟಿಲು. ಅದರ ಕೆಳಗೆ ಇನ್ನೊಂದು.

"ಇಲ್ಲಿ ಹೊಂಡ ಇತ್ತು. ಬೀದಿ ನೀರೆಲ್ಲ ಇಲ್ಲಿಗೇ ಬರ್ತಿತ್ತು," ಎಂದರು ವಿಮಲಾಕ್ಷಿ.

ಸುದ್ದಿ ಬೀದಿ ಹತ್ತಲು ಹೊತ್ತಾಗಲಿಲ್ಲ. ಆಚಾರ್ಯರು ಬಂದು ಗುಂಡಿಯ ಅಂಚಿನಲ್ಲಿ ನಿಂತು, "ನೋಡ್ರಪ್ಪಾ! ಹೊಂಡ ಮುಚ್ಚಿದೋಳು ಇವಳು, ಬೈಸಿಕೊಂಡೋರು ನಾವು!" ಎಂದರು.

ಹನುಮಕ್ಕ ಗುಂಡಿಗೆ ಇಳಿದಳು. ಬೂದಿಯನ್ನು ಬೆರಳಲ್ಲಿ ಉಜ್ಜಿ ನೋಡಿದಳು.

"ಕೆಳಗಿಂದು ನಮ್ಮತ್ತೆ ಕಾಲದ್ದು. ಮೇಲಿಂದು ನಂದು. ನೀರು ಹತ್ರ ಬರಬಾರದು ಅಂತ ದಿನಾ ಪುಟ್ಟಿಗಟ್ಟಲೆ ತಂದು ಸುರೀತಿದ್ದೆ." ಕೈ ಕೊಡವಿ ತಲೆಯೆತ್ತಿದಳು. "ನೀವು ಕಲ್ಲು ಏರಿಸಿದ್ರಿ, ನಾನು ಬೂದಿ ಏರಿಸಿದೆ. ಇಬ್ರೂ ಮಾಡಿದ್ದು ಒಂದೇ, ಆಚಾರ್ರೇ."

ಆಕೆಯ ಇಕ್ಕಟ್ಟು ನನಗೆ ಕಾಣುತ್ತಿತ್ತು. ಹೊಂಡ ತೆರೆದರೆ ಒಲೆ ಉಳಿಯುತ್ತದೆ, ಅಂಗಳ ಹೋಗುತ್ತದೆ. ಅಕ್ಕಿ ಒಣಗದಿದ್ದರೆ ಮಂಡಕ್ಕಿ ಅರಳುವುದಿಲ್ಲ. ನಾನು ಪುರಸಭೆಯ ಪರಿಹಾರದ ಮಾತು ತೆಗೆಯುವಷ್ಟರಲ್ಲಿ ಆಕೆ ಕೈ ಅಡ್ಡ ಹಿಡಿದಳು.

"ಹೊಂಡ ತೆಗೀಲಿ. ನಮ್ಮತ್ತೆ ಬೂದಿ, ನನ್ನ ಬೂದಿ, ಎಲ್ಲಾ ನಾನೇ ಹೊರ್ತೀನಿ. ಆದ್ರೆ ನನ್ನ ಅಕ್ಕಿ ನಿಮ್ಮ ಮಾಳಿಗೆ ಮೇಲೆ ಒಣಗ್ಬೇಕು. ಎಲ್ರ ಮಾಳಿಗೆ ಮೇಲೂ."

"ನಮ್ಮ ಮಾಳಿಗೆ ಏನು ನಿನ್ನ ಕಣಾನಾ?" ಎಂದರು ಆಚಾರ್ಯರು.

"ನಮ್ಮನೆ ಏನು ನಿಮ್ಮ ಚರಂಡೀನಾ?"

ಹಿಂದಿನಿಂದ ಆಚಾರ್ಯರ ಹೆಂಡತಿ, "ಒಣಗ್ಲಿ ಬಿಡ್ರೀ. ಮೇಲೆ ನೀವೇನು ಬಂಗಾರ ಹರವಿದೀರಾ?" ಎಂದರು.

ಹೊಂಡ ತೆರೆಯಿತು. ಅಂಗಳ ಬಿಟ್ಟುಕೊಟ್ಟವಳ ಎದುರು ಜಗಲಿ ಹಿಡಿದು ಕೂರಲು ಯಾರಿಗೂ ಮುಖವಿರಲಿಲ್ಲ. ಜಗಲಿಗಳು ಒಂದೊಂದಾಗಿ ಹಿಂದೆ ಸರಿದವು, ಆಚಾರ್ಯರದು ಕಟ್ಟಕಡೆಗೆ. ಅಕ್ಕಿ ಹರವಬೇಕಾದ್ದರಿಂದ ಮಾಳಿಗೆಗಳು ನಿತ್ಯ ಕಸಬರಿಗೆ ಕಂಡವು. ಮಾಳಿಗೆಯ ನೀರಿಗೆಂದು ಹಿತ್ತಿಲಲ್ಲಿ ತೋಡಿದ ಇಂಗುಗುಂಡಿಗಳಿಗೆ ಕಸ ಇಳಿಯುವುದು ತಪ್ಪಿತು.

ಮುಂಗಾರಿನ ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಮೋಡ ಕವಿಯಿತು. ತಲೆಯೆತ್ತಿ ನೋಡಿದೆ. ಮಾಳಿಗೆ ಮಾಳಿಗೆಯ ಮೇಲೂ ಜನ ಬಗ್ಗಿ ಅಕ್ಕಿ ಬಾಚುತ್ತಿದ್ದರು. ಆಚಾರ್ಯರು ಅಕ್ಕಿಯ ಗಂಟನ್ನು ಎದೆಗವಚಿಕೊಂಡು ಓಡಿದರು; ಅವರ ಪಂಚೆ ತಂತಿಯ ಮೇಲೆಯೇ ನೆನೆಯಿತು.

ಸಂಜೆ ಕೆಳಗೆ ಹೋದೆ. ಹೊಂಡದ ಮೆಟ್ಟಿಲುಗಳು ಅರ್ಧ ಮುಳುಗಿದ್ದವು. ಹನುಮಕ್ಕ ಒಲೆಗೆ ಹೊಟ್ಟು ತೂರುತ್ತಿದ್ದಳು. ಹಿಂಬಾಗಿಲಿನಿಂದ ಬಿದ್ದ ಬೆಂಕಿಯ ಬೆಳಕು ನಿಂತ ನೀರಿನ ಮೇಲೆ ಮೆಲ್ಲಗೆ ಅಲುಗುತ್ತಿತ್ತು.