ಒಣ ತೊಟ್ಟಿಯ ನೀರಾನೆ

ಬೇವಿನ ಸೊಪ್ಪು, ಬೆನ್ನ ಮೇಲೆಲ್ಲ ಬೇವಿನ ಸೊಪ್ಪು, ಬಿಸಿಲಿಗೆ ಬಾಡಿದೆ, ಮಾರಿಯಮ್ಮನ ಹಬ್ಬದ ಆಡಿ ತಿಂಗಳಲ್ಲಿ ಸೇಲಂ ತುಂಬ ಇದೇ ಕಹಿ ವಾಸನೆ, ಸರ್ಕಸ್ಸಿನವರ ಸಿಮೆಂಟ್ ತೊಟ್ಟಿಯೊಳಗೂ — ತೊಟ್ಟಿಯಲ್ಲಿ ಹನಿ ನೀರಿಲ್ಲ, ಅಷ್ಟು ದೊಡ್ಡ ನೀರಾನೆ ಒಣ ನೆಲದ ಮೇಲೆ ಬಿದ್ದುಕೊಂಡಿದೆ. ಹೋದ ವಾರ ಹಗಲೆಲ್ಲ ಮುಳುಗಿರುತ್ತಿತ್ತು, ಕಣ್ಣು, ಕಿವಿ, ಮೂಗು ಮಾತ್ರ ಮೇಲೆ, ಹೊಳ್ಳೆ ಮುಚ್ಚಿಕೊಂಡು ತಳಕ್ಕೆ ಹೋಗಿ ಬುಸ್ಸೆಂದು ಏಳುವುದು, ಕಾವಲಿನ ಪಳನಿಯಪ್ಪನ್ ಕೂಗಿದರೆ ಬಾಯಿ ತೆರೆದು ಇಡೀ ಕುಂಬಳಕಾಯಿ ಕಟಕ್ಕೆಂದು ಒಡೆಯುವುದು, ನನ್ನ ಗಂಡ ಶಿವಲಿಂಗಂ, ನೋಡೇ, ಮಗ್ಗದಿಂದ ಎದ್ದಾಗ ನಾನ್ ಆಕಳಿಸೋದು ಇಂಗೇ ಅಲ್ವಾ ಅಂದ, ಎಲ್ಲರೂ ನಕ್ಕರು, ನಾನೂ. ಮೊನ್ನೆ ನೀರಾನೆಯ ಬೆನ್ನ ಮೇಲೆ ಕೆಂಪಗೆ ಜಿನುಗಿತು, ಅದು ಆ ಪ್ರಾಣಿಯ ಬೆವರು, ಬಿಸಿಲು ತಡೆಯುವ ಬೆವರು, ಕಾಲೇಜಿನಲ್ಲಿ ಓದಿದ್ದೆ — ನಮ್ಮತ್ತೆ ಯಲ್ಲಮ್ಮ ಕೈ ಮುಗಿದೇಬಿಟ್ಟಳು, ಅಮ್ಮ ಬಂದೈತೆ, ಮಾರಿಯಮ್ಮ, ಅಮ್ಮ ಬಂದ ಮೈಗೆ ನೀರ್ ಉಯ್ಯಬಾರ್ದು, ಶುಕ್ರವಾರ ತಲೆಗೆ ತಣ್ಣಿ, ಅವತ್ತೇ ಮೊದಲ್ನೇ ಸ್ನಾನ, ಅಲ್ಲೀಗಂಟ ಆಗಲ್ಲ. ಆಡಿಯಲ್ಲಿ ಬೆಂಕಿಚಟ್ಟಿ ಹೊರುವವಳು ಅವಳು, ನೇಕಾರರ ಬೀದಿಯೇ ಅವಳ ಹಿಂದೆ, ಪಳನಿಯಪ್ಪನ್ ಹೆದರಿ ತೊಟ್ಟಿ ಬರಿದು ಮಾಡಿದ.

ತವರೂರು ಎಡಪ್ಪಾಡಿಯಲ್ಲಿ ನನಗೂ ಅಮ್ಮ ಬಂದು ಮೈತುಂಬ ಗುಳ್ಳೆ ಎದ್ದಾಗ ಬಾಳೆಲೆಯ ಮೇಲೆ ಮಲಗಿಸಿದ್ದರು, ಒಂದು ಒದ್ದೆ ಬಟ್ಟೆ ಕೊಡಿ ಅಂದರೆ ಬೇವಿನ ಕಡ್ಡಿಯಲ್ಲಿ ಸವರಿದರು, ಸುಮ್ಕಿರು, ಅಮ್ಮ ಕೋಪಿಸ್ಕೊಂತಾಳೆ, ಅಮ್ಮನ ಕೋಪ, ಯಾವಾಗಲೂ ಅಮ್ಮನದೇ, ಉರಿಯುವ ಮೈ ನನ್ನದು. ಇವತ್ತು ಬೆಳಿಗ್ಗೆ ಅತ್ತೆಗೆ ಮೆಲ್ಲಗೇ ಹೇಳಿದೆ, ಒಂದೊಂದು ಮಾತೂ ಆರಿಸಿ, ಅದು ರಕ್ತ ಅಲ್ಲ ಅತ್ತೆ, ನೀರಿಲ್ಲದಿದ್ದರೆ ಅದರ ಚರ್ಮ ಒಡೆದು ಸಾಯುತ್ತೆ — ಕಾಲೇಜ್ ಓದಿದ್ರೆ ಅಮ್ಮನ್ಗೇ ಪಾಠ ಏಳ್ತೀಯೇನೇ? ಗಂಡನ ಕಡೆ ನೋಡಿದೆ, ಅವನು ಚಪ್ಪಲಿಯ ಕಡೆ ನೋಡಿದ. ನೀರಾನೆಯ ಹೆಗಲ ಹಿಂದೆ ಚರ್ಮ ಸೀಳಿದೆ, ಬೆರಳು ತೂರುವಷ್ಟು, ಅಂಚು ಬೆಳ್ಳಗೆ, ಒಳಗೆ ಕೆಂಪು, ನೊಣ. ಉಸಿರಾಡಿದಾಗಲೆಲ್ಲ ಅಗಲವಾಗುತ್ತದೆ, ಇನ್ನೂ ಮೂರು ದಿನವಂತೆ, ಮೂರು ದಿನ, ಸೀಳು ಅಗಲವಾಗುತ್ತದೆ, ಮುಡಿ ಬಿಚ್ಚಿದ್ದು ಯಾವಾಗ, ತೊಟ್ಟಿಯ ಕಂಬಿ ಹಿಡಿದು ಅಲ್ಲಾಡಿಸುತ್ತಿರುವುದು ನನ್ನ ಕೈಯೇ, ಗಂಟಲು ಹರಿಯುವಂತೆ ಕೂಗುತ್ತಿದ್ದೇನೆ, ನೀರ್ ಬಿಡ್ರೋ, ಉರೀತೈತೆ, ಈಗ್ಲೇ ಬಿಡ್ರೋ — ಜನ ದಬದಬ ನೆಲಕ್ಕೆ ಬಿದ್ದರು, ತಾಯೇ, ಅಮ್ಮಾ, ಅಮ್ಮ ಮೈಮೇಲೆ ಬಂದವ್ಳೆ, ಪಳನಿಯಪ್ಪನ್ ನಲ್ಲಿಗೆ ಓಡಿದ, ಅತ್ತೆ ನನ್ನ ಕಾಲಿಗೇ ಹಣೆ ಹಚ್ಚಿ, ತಪ್ಪಾಯ್ತು ತಾಯೇ, ಮನ್ನಿಚ್ಚಿಡು, ಇನ್ನೇನ್ ಬೇಕು ಏಳು. ಅಯ್ಯೋ, ನಾನು ಅತ್ತೆ, ನಿಮ್ಮ ಸೊಸೆ, ಅದೇ ಮಾತನ್ನೇ ಬೆಳಿಗ್ಗೆಯಿಂದ ಹೇಳಿದ್ದು ನಾನು, ಅದು ಯಾರ ಕಿವಿಗೂ ಬೀಳಲಿಲ್ಲ, ಈಗಲೂ ನಾನೇ, ನನ್ನದೇ ಕೋಪ, ಇದನ್ನೂ ಆ ಅಮ್ಮನಿಗೇ ಕೊಟ್ಟುಬಿಟ್ಟಿರಾ — ಹೇಳಿದರೆ ನಲ್ಲಿ ನಿಲ್ಲಿಸುತ್ತಾರೆ, ಹೇಳುವ ಹಾಗಿಲ್ಲ, ಹಲ್ಲು ಕಚ್ಚಿ ನಿಂತಿದ್ದೇನೆ, ನೀರು ನೀರಾನೆಯ ಹೊಟ್ಟೆಮಟ್ಟಕ್ಕೆ ಬಂತು, ಬೇವಿನೆಲೆ ತೇಲಿದವು, ಹೆಗಲಿಗೆ ಬಂತು, ಸೀಳಿನೊಳಗೆ ನುಗ್ಗಿತು, ನೀರಾನೆ ಒಮ್ಮೆ ನಡುಗಿತು, ಆ ಸೀಳು, ನೀರಿನಡಿಯಲ್ಲೂ ತೆರೆದೇ ಇರುವ ಸೀಳು